ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕುಸಿದಾಗ, ಪ್ಯಾಕೆಟ್‌ಗಳು ಕಾಣೆಯಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಗಳಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಿದ್ಯಾರ್ಥಿಗಳು, ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯರು ಮತ್ತು ಪತ್ರ ಬರೆಯುವ ಓದುಗರು ನೆಟ್‌ವರ್ಕ್ ಕಾರ್ಡಿನ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಮತ್ತೆ ಮತ್ತೆ ಬರುವಂಥವು. ಅವನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು, ಸುಲಭದ್ದರಿಂದ ಕಠಿಣದ್ದರ ಕಡೆಗೆ ಜೋಡಿಸಿ ಇಲ್ಲಿ ಉತ್ತರಿಸಿದ್ದೇನೆ. ಡ್ರೈವರ್ ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಪ್ಯಾಕೆಟ್ ಎಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಂಡು. ಹೆಚ್ಚಿನ ಮಾತು ಲಿನಕ್ಸ್ ಕುರಿತದ್ದು. ವಿಂಡೋಸ್‌ಗೆ ಒಂದು ಪ್ರಶ್ನೆ ಮೀಸಲಿದೆ. ಆದೇಶಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ.

## ಮೊದಲು ನೋಡಬೇಕಾದವು

ನೆಟ್ ಇದ್ದಕ್ಕಿದ್ದಂತೆ ಹೋಗುತ್ತದೆ, ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಇದು ಡ್ರೈವರ್ ತೊಂದರೆಯೋ, ಲೈನ್ ತೊಂದರೆಯೋ?

ರೀಸ್ಟಾರ್ಟ್ ಮಾಡುವ ಮೊದಲು ಎರಡು ನಿಮಿಷ ತಡೆದುಕೊಳ್ಳಿ. ಯಂತ್ರವನ್ನು ಮರಳಿ ಚಾಲೂ ಮಾಡಿದ ಕೂಡಲೇ ಕಾರ್ಡಿನ ಎಣಿಕೆಗಳೆಲ್ಲ ಸೊನ್ನೆಯಾಗುತ್ತವೆ, ಕರ್ನಲ್‌ನ ಸಂದೇಶಗಳೂ ನೆನಪಿನಿಂದ ಅಳಿಯುತ್ತವೆ. ತೊಂದರೆ ಇರುವಾಗಲೇ ಕಾರ್ಡಿನ ಲಿಂಕ್ ದೀಪ ಉರಿಯುತ್ತಿದೆಯೇ ನೋಡಿ. ನಿಮ್ಮ ರೂಟರಿನ ಒಳ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬರುತ್ತದೆಯೇ ನೋಡಿ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆದೇಶದ ಕೊನೆಯ ನೂರು ಸಾಲುಗಳನ್ನು ಒಂದು ಕಡತಕ್ಕೆ ಉಳಿಸಿ. ರೂಟರ್ ಉತ್ತರಿಸುತ್ತಿದ್ದು ಹೊರಗಿನ ವಿಳಾಸಗಳು ಮಾತ್ರ ಸಿಗದಿದ್ದರೆ ನಿಮ್ಮ ಕಾರ್ಡನ್ನು ಮುಟ್ಟುವ ಅಗತ್ಯವಿಲ್ಲ. ದೀಪ ಉರಿಯುತ್ತಿದ್ದೂ ರೂಟರ್ ಸಿಗದಿದ್ದರೆ, ಅದೇ ಹೊತ್ತಿಗೆ ಡಿಮೆಸೇಜ್‌ನಲ್ಲಿ ಕಾರ್ಡಿನ ಹೆಸರಿನ ಸಾಲುಗಳು ಬಂದಿದ್ದರೆ, ಡ್ರೈವರ್ ಅಥವಾ ಕಾರ್ಡಿನ ಮೇಲೆ ಅನುಮಾನ ಪಡಲು ಕಾರಣವಿದೆ.

ಆಗಲೇ ರೀಸ್ಟಾರ್ಟ್ ಮಾಡಿದ್ದರೆ ಜರ್ನಲ್‌ಸಿಟಿಎಲ್ ಆದೇಶಕ್ಕೆ ಹಿಂದಿನ ಬೂಟಿನ ಕರ್ನಲ್ ಸಂದೇಶಗಳನ್ನು ಕೇಳಬಹುದು. ಆದರೆ ಜರ್ನಲ್ ಡಿಸ್ಕಿನಲ್ಲಿ ಉಳಿಯುವಂತೆ ಮೊದಲೇ ವ್ಯವಸ್ಥೆಯಾಗಿರಬೇಕು. ವಾರ್ ಲಾಗ್ ಒಳಗೆ ಜರ್ನಲ್ ಎಂಬ ಡೈರೆಕ್ಟರಿ ಇದೆಯೇ ಎಂದು ಇಂದೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಕಾರ್ಡ್ ಯಾವುದು, ಅದಕ್ಕೆ ಯಾವ ಡ್ರೈವರ್ ಹತ್ತಿದೆ ಎಂದು ತಿಳಿಯುವುದು ಹೇಗೆ?

ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಒಂದೇ ಬಣ್ಣದ ಡಬ್ಬಿಯಲ್ಲಿ ಬರುವ ಎರಡು ಕಾರ್ಡುಗಳ ಒಳಗೆ ಬೇರೆ ಬೇರೆ ಚಿಪ್ ಇರುವುದು ಸಾಮಾನ್ಯ. ಎಲ್‌ಎಸ್‌ಪಿಸಿಐ ಆದೇಶವು ಚಿಪ್ ತಯಾರಕರ ಗುರುತಿನ ಸಂಖ್ಯೆಯನ್ನೂ ಹತ್ತಿರುವ ಡ್ರೈವರಿನ ಹೆಸರನ್ನೂ ತೋರಿಸುತ್ತದೆ. 8086 ಎಂದಿದ್ದರೆ ಇಂಟೆಲ್, 10ಇಸಿ ಎಂದಿದ್ದರೆ ರಿಯಲ್‌ಟೆಕ್. ಇತ್‌ಟೂಲ್ ಆದೇಶದ ಐ ಆಯ್ಕೆಯಿಂದ ಡ್ರೈವರಿನ ಮತ್ತು ಕಾರ್ಡಿನೊಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರಿನ ಆವೃತ್ತಿಗಳು ಸಿಗುತ್ತವೆ. ಯಾರಲ್ಲಿ ಸಹಾಯ ಕೇಳುವುದಿದ್ದರೂ ಈ ವಿವರಗಳು ಮತ್ತು ಕರ್ನಲ್ ಆವೃತ್ತಿ ಮೊದಲು ಬೇಕು.

ಪ್ಯಾಕೆಟ್ ಕಾಣೆಯಾಯಿತು ಎನ್ನುತ್ತೀರಿ. ಅದು ಹೋಗುವುದಾದರೂ ಎಲ್ಲಿಗೆ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಪ್ಯಾಕೆಟ್ ಗಾಳಿಯಲ್ಲಿ ಕರಗುವುದಿಲ್ಲ. ತಂತಿಯಿಂದ ನಿಮ್ಮ ಪ್ರೋಗ್ರಾಂವರೆಗಿನ ದಾರಿಯಲ್ಲಿ ಯಾವುದೋ ಒಂದು ಗೊತ್ತಾದ ಜಾಗದಲ್ಲಿ, ಗೊತ್ತಾದ ಕಾರಣಕ್ಕೆ ಅದನ್ನು ಎಸೆಯಲಾಗುತ್ತದೆ, ಮತ್ತು ಆ ಜಾಗಗಳಲ್ಲಿ ಬಹುಪಾಲು ಎಸೆದದ್ದನ್ನು ಎಣಿಸಿಡುತ್ತವೆ.

ದಾರಿ ಹೀಗಿದೆ. ತಂತಿಯಲ್ಲಿ ಬಂದ ವಿದ್ಯುತ್ ಸಂಕೇತವನ್ನು ಕಾರ್ಡು ಬಿಟ್‌ಗಳಾಗಿ ಓದಿ, ಫ್ರೇಮಿನ, ಅಂದರೆ ತಂತಿಯ ಮೇಲೆ ಪ್ಯಾಕೆಟ್ಟನ್ನು ಹೊತ್ತು ತರುವ ಕಟ್ಟಿನ, ಕೊನೆಯಲ್ಲಿರುವ ಸಿಆರ್‌ಸಿ ಎಂಬ ತಪ್ಪು ಹಿಡಿಯುವ ಮೊತ್ತವನ್ನು ತಾಳೆ ನೋಡುತ್ತದೆ. ಒಂದೇ ಒಂದು ಬಿಟ್ ಕೆಟ್ಟಿದ್ದರೂ ಇಡೀ ಫ್ರೇಮನ್ನು ಎಸೆದು ಸಿಆರ್‌ಸಿ ಎಣಿಕೆಯನ್ನು ಏರಿಸುತ್ತದೆ. ಸರಿಯಿದ್ದುದನ್ನು ತನ್ನೊಳಗಿನ ಪುಟ್ಟ ನೆನಪಿನಲ್ಲಿ ಇಟ್ಟುಕೊಂಡು, ಡ್ರೈವರ್ ಮೊದಲೇ ಕಂಪ್ಯೂಟರಿನ ನೆನಪಿನಲ್ಲಿ ಸಿದ್ಧಪಡಿಸಿರುವ ಖಾಲಿ ಜಾಗಗಳ ಸುತ್ತುಪಟ್ಟಿಗೆ, ಅಂದರೆ ರಿಂಗ್ ಬಫರಿಗೆ, ಪ್ರೊಸೆಸರಿನ ನೆರವಿಲ್ಲದೆ ತಾನೇ ಬರೆಯುತ್ತದೆ. ರಿಂಗ್‌ನಲ್ಲಿ ಖಾಲಿ ಜಾಗ ಸಿಗದಿದ್ದರೆ ಅಲ್ಲಿ ನಷ್ಟ. ಅದರ ಎಣಿಕೆ ಬೇರೆ. ಬಳಿಕ ಕಾರ್ಡು ಇಂಟರಪ್ಟ್ ಕೊಟ್ಟು ಪ್ರೊಸೆಸರನ್ನು ಎಚ್ಚರಿಸುತ್ತದೆ, ಕರ್ನಲ್ ರಿಂಗ್‌ನಿಂದ ಪ್ಯಾಕೆಟ್‌ಗಳನ್ನು ಗುಂಪಾಗಿ ಎತ್ತಿಕೊಳ್ಳುತ್ತದೆ, ಫೈರ್‌ವಾಲ್ ನಿಯಮಗಳನ್ನೂ ದಾರಿಯ ಕೋಷ್ಟಕವನ್ನೂ ದಾಟಿಸಿ ಸಾಕೆಟ್‌ನ, ಅಂದರೆ ಪ್ರೋಗ್ರಾಂ ಪ್ಯಾಕೆಟ್ ಪಡೆಯುವ ಬಾಗಿಲಿನ, ಬಫರಿಗೆ ಸೇರಿಸುತ್ತದೆ. ನಿಮ್ಮ ಪ್ರೋಗ್ರಾಂ ನಿಧಾನವಾಗಿ ಓದುತ್ತಿದ್ದು ಆ ಬಫರು ತುಂಬಿದ್ದರೆ ಬಾಗಿಲಿನವರೆಗೆ ಬಂದ ಪ್ಯಾಕೆಟ್ ಅಲ್ಲಿಯೂ ಬೀಳುತ್ತದೆ.

ಆದ್ದರಿಂದ ಮಾಡಬೇಕಾದ ಕೆಲಸ ಇಷ್ಟು: ಎಲ್ಲ ಎಣಿಕೆಗಳನ್ನು ಒಮ್ಮೆ ಬರೆದುಕೊಂಡು, ತೊಂದರೆಯನ್ನು ಒಂದು ನಿಮಿಷ ಉಂಟುಮಾಡಿ, ಮತ್ತೆ ಬರೆದುಕೊಂಡು, ಯಾವುದು ಏರಿತು ಎಂದು ನೋಡುವುದು. ಕಾರ್ಡಿನವು ಇತ್‌ಟೂಲ್‌ನ ದೊಡ್ಡಕ್ಷರದ ಎಸ್ ಆಯ್ಕೆಯಲ್ಲಿ, ಕರ್ನಲ್‌ನವು ಪ್ರಾಕ್ ನೆಟ್ ಒಳಗಿನ ಸಾಫ್ಟ್‌ನೆಟ್‌ಸ್ಟ್ಯಾಟ್ ಕಡತದಲ್ಲಿ, ಪ್ರೋಟೋಕಾಲ್‌ಗಳವು ಎನ್‌ಸ್ಟ್ಯಾಟ್ ಆದೇಶದಲ್ಲಿ ಸಿಗುತ್ತವೆ. ಏರಿದ ಎಣಿಕೆಯೇ ಜಾಗವನ್ನು ಹೇಳುತ್ತದೆ. ಇದನ್ನು ಬಿಟ್ಟು ಎಲ್ಲೋ ಓದಿದ ಹತ್ತು ಸಿಸ್ಟಮ್ ಹೊಂದಾಣಿಕೆಗಳನ್ನು ಒಟ್ಟಿಗೆ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಕೇಬಲ್ ಸರಿಯಿದೆ ಎಂದು ಟೆಸ್ಟರ್ ಹಾಕಿ ತೋರಿಸಿದ್ದಾರೆ. ಆದರೂ ಸಿಆರ್‌ಸಿ ದೋಷ ಏರುತ್ತಿದೆಯಲ್ಲ?

ಎಂಟು ದೀಪ ಮಿನುಗಿಸುವ ಅಗ್ಗದ ಟೆಸ್ಟರ್, ತಂತಿ ಈ ತುದಿಯಿಂದ ಆ ತುದಿಗೆ ತುಂಡಾಗದೆ ಇದೆಯೇ ಎಂಬುದನ್ನಷ್ಟೇ ಹೇಳಬಲ್ಲದು. ಗಿಗಾಬಿಟ್ ವೇಗದ ಸಂಕೇತವನ್ನು ಅದು ಕೆಡದಂತೆ ಒಯ್ಯುತ್ತದೆಯೇ ಎಂಬುದನ್ನು ಹೇಳಲಾರದು. ನಮ್ಮ ಪ್ರಯೋಗಾಲಯದಲ್ಲಿ ಒಂದು ಯಂತ್ರ ಮಧ್ಯಾಹ್ನ ಮಾತ್ರ ಪ್ಯಾಕೆಟ್ ಕಳೆದುಕೊಳ್ಳುತ್ತಿತ್ತು. ಮೂರು ದಿನ ಡ್ರೈವರ್ ಬದಲಿಸಿ ನೋಡಿದೆವು. ಕೊನೆಗೆ ಗೋಡೆಯ ಅಂಚಿನಲ್ಲಿ ಕೇಬಲನ್ನು ಕೈಯಲ್ಲಿ ಹಿಡಿದು ನಡೆದಾಗ, ಉಕ್ಕಿನ ಬೀರುವಿನ ಒಂದು ಕಾಲು ಅದರ ಮೇಲೆ ಕುಳಿತಿರುವುದು ಕಂಡಿತು. ಹೊರಗವಚ ಹರಿದಿರಲಿಲ್ಲ, ಬೆರಳಿಗೆ ಚಪ್ಪಟೆಯಾದದ್ದು ಮಾತ್ರ ತಿಳಿಯುತ್ತಿತ್ತು. ಊಟದ ಬಿಡುವಿನಲ್ಲಿ ಪುಸ್ತಕ ತೆಗೆಯಲು ಬೀರುವಿನ ಬಾಗಿಲು ತೆರೆದಾಗಲೆಲ್ಲ ಅದು ಸ್ವಲ್ಪ ವಾಲಿ ತಂತಿಯನ್ನು ಒತ್ತುತ್ತಿತ್ತು. ಕೇಬಲ್ ಬದಲಿಸಿದ ಮೇಲೆ ಸಿಆರ್‌ಸಿ ಎಣಿಕೆ ಮತ್ತೆ ಏರಲಿಲ್ಲ.

ಸಿಆರ್‌ಸಿ ಏರುತ್ತಿದ್ದರೆ ಕೇಬಲ್, ಕನೆಕ್ಟರ್, ಸ್ವಿಚ್‌ನ ಪೋರ್ಟ್ ಇವನ್ನು ಒಂದೊಂದಾಗಿ ಬದಲಿಸಿ, ಡ್ರೈವರನ್ನು ಮುಟ್ಟಬೇಡಿ. ತಾಮ್ರದ ತಂತಿಯಲ್ಲಿ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು; ಹಾಗಾಗಿ ಲಿಂಕ್ ವೇಗ ತಾನಾಗಿಯೇ 100ಕ್ಕೆ ಇಳಿದಿದ್ದರೆ ಒಂದು ಜೋಡಿ ಕೆಟ್ಟಿರುವ ಸಾಧ್ಯತೆ ಹೆಚ್ಚು. ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದು ಮಾರುವುದೂ ಇದೆ. ಒಂದು ಎಳೆಯನ್ನು ಚಾಕುವಿನಿಂದ ಹೆರೆದರೆ ಒಳಗಿನ ಬೆಳ್ಳಿ ಬಣ್ಣ ಕಾಣುತ್ತದೆ. ಕಾರ್ಖಾನೆಗಳಲ್ಲಿ ಮೋಟಾರಿನ ವಿದ್ಯುತ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಮೋಟಾರ್ ಚಾಲೂ ಆಗುವ ಹೊತ್ತನ್ನೂ ಎಣಿಕೆ ಏರುವ ಹೊತ್ತನ್ನೂ ಹೋಲಿಸಿ ನೋಡಿ.

ಗುಡುಗು ಮಳೆ ಬಂದ ಮರುದಿನದಿಂದ ಕಾರ್ಡ್ ಒಂದು ಥರ ಆಡುತ್ತಿದೆ. ಸಂಬಂಧ ಇರಬಹುದೇ?

ಖಂಡಿತ ಇರಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಂತರ ಬೆಂಗಳೂರಿನಲ್ಲಿ ಈ ಪ್ರಶ್ನೆ ಹೆಚ್ಚಾಗಿ ಬರುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದರೆ ಹತ್ತಿರದ ಸಿಡಿಲು ಆ ತಂತಿಯಲ್ಲಿ ಕ್ಷಣಕಾಲ ಹೆಚ್ಚಿನ ವೋಲ್ಟೇಜ್ ಹುಟ್ಟಿಸುತ್ತದೆ. ಪೋರ್ಟ್ ಪೂರ್ತಿ ಸಾಯದೆ ಅರೆಜೀವವಾಗಿ ಉಳಿದರೆ ಲಿಂಕ್ ಆಗಾಗ ಬಿದ್ದು ಏಳುತ್ತದೆ, ಮತ್ತು ಅದನ್ನು ಡ್ರೈವರ್ ದೋಷವೆಂದು ತಿಳಿಯುವುದು ಸುಲಭ. ಬೇರೆ ಕಾರ್ಡ್ ಹಾಕಿ ಪರೀಕ್ಷಿಸಿ. ಕಟ್ಟಡಗಳ ನಡುವೆ ಫೈಬರ್ ಎಳೆಯುವುದೇ ಶಾಶ್ವತ ಪರಿಹಾರ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

## ಡ್ರೈವರ್ ಕ್ರ್ಯಾಶ್‌ಗಳು

‘ನೆಟ್‌ಡೆವ್ ವಾಚ್‌ಡಾಗ್: ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್’ ಎಂದು ಬರುತ್ತದೆ. ಡ್ರೈವರ್ ಕೆಟ್ಟಿದೆ ಎಂದೇ ಅರ್ಥವೇ?

ಅಲ್ಲ. ಕಳುಹಿಸಲು ಕೊಟ್ಟ ಪ್ಯಾಕೆಟ್ ಹೋಯಿತೆಂದು ಕಾರ್ಡು ನಿಗದಿತ ಕಾಲದಲ್ಲಿ ತಿಳಿಸಲಿಲ್ಲ ಎಂಬುದಷ್ಟೇ ಆ ಸಂದೇಶದ ಅರ್ಥ. ಡ್ರೈವರ್ ತಾನೇ ಬೇರೆ ಅವಧಿ ಹೇಳದಿದ್ದರೆ ಕರ್ನಲ್‌ನ ಕಾವಲು ಭಾಗವಾದ ವಾಚ್‌ಡಾಗ್ 5 ಸೆಕೆಂಡ್ ಕಾಯುತ್ತದೆ, ಆಮೇಲೆ ಕಾರ್ಡನ್ನು ಮರುಹೊಂದಿಸುವಂತೆ ಡ್ರೈವರಿಗೆ ಹೇಳುತ್ತದೆ. ಸಂದೇಶದ ಜೊತೆ ದೊಡ್ಡ ಕಾಲ್ ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ, ಬರುವುದರಿಂದ ಕರ್ನಲ್ ಕ್ರ್ಯಾಶ್ ಆಯಿತೆಂದು ಹೆದರುವವರಿದ್ದಾರೆ. ಅದು ಎಚ್ಚರಿಕೆ ಮಾತ್ರ.

ಕಾರಣ ಹಲವು ಇರಬಹುದು: ಇಂಟರಪ್ಟ್ ತಪ್ಪಿಹೋಗಿರಬಹುದು, ಕಾರ್ಡಿನ ಒಳಗಿನ ಯಂತ್ರಾಂಶ ಸಿಕ್ಕಿಹಾಕಿಕೊಂಡಿರಬಹುದು, ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ನಿದ್ದೆಯಿಂದ ಏಳದಿರಬಹುದು. ಬಹಳ ಜನ ಮರೆಯುವ ಇನ್ನೊಂದು ಕಾರಣ ಪಾಜ್ ಫ್ರೇಮ್, ಅಂದರೆ ತಡೆಯಲು ಹೇಳುವ ಫ್ರೇಮ್. ಎದುರು ತುದಿಯ ಸ್ವಿಚ್ ಅಥವಾ ಯಂತ್ರ ‘ಸ್ವಲ್ಪ ತಡೆಯಿರಿ’ ಎಂಬ ಫ್ರೇಮ್‌ಗಳನ್ನು ಎಡೆಬಿಡದೆ ಕಳುಹಿಸುತ್ತಿದ್ದರೆ ನಿಮ್ಮ ಕಾರ್ಡು ನಿಯಮದಂತೆ ಸುಮ್ಮನೆ ಕಾಯುತ್ತದೆ, ವಾಚ್‌ಡಾಗ್ ಮಾತ್ರ ಕಾಯುವುದಿಲ್ಲ. ಇತ್‌ಟೂಲ್ ಎಣಿಕೆಗಳಲ್ಲಿ ಸ್ವೀಕರಿಸಿದ ಪಾಜ್ ಅಥವಾ ಎಕ್ಸ್‌ಆಫ್ ಫ್ರೇಮ್‌ಗಳ ಸಂಖ್ಯೆ ಓಡುತ್ತಿದ್ದರೆ ತಪ್ಪು ಆಚೆಯದು. ವಾಚ್‌ಡಾಗ್ ಸಾಲಿನ ಮೇಲಿರುವ ಹತ್ತಿಪ್ಪತ್ತು ಸಾಲುಗಳನ್ನು ಯಾವಾಗಲೂ ಓದಿ. ನಿಜವಾದ ಮೊದಲ ತಪ್ಪು ಅಲ್ಲಿರುತ್ತದೆ.

ರಿಯಲ್‌ಟೆಕ್ ಕಾರ್ಡಿಗೆ ಎರಡು ಡ್ರೈವರ್ ಇವೆಯಂತೆ. ಯಾವುದನ್ನು ಹಾಕಲಿ?

ಕರ್ನಲ್ ಜೊತೆಗೇ ಬರುವ ಆರ್8169 ಎಂಬ ಡ್ರೈವರ್, ಹೆಸರಿನಲ್ಲಿ 8169 ಇದ್ದರೂ, 8168, 8111 ಮತ್ತು 2.5 ಗಿಗಾಬಿಟ್‌ನ 8125 ಚಿಪ್‌ಗಳನ್ನೂ ನಡೆಸುತ್ತದೆ. ತಯಾರಕರು ಪ್ರತ್ಯೇಕವಾಗಿ ಕೊಡುವ ಆರ್8168, ಆರ್8125 ಡ್ರೈವರುಗಳು ಕರ್ನಲ್ ಮೂಲದ ಹೊರಗಿನವು. ಮೊದಲು ಕರ್ನಲ್‌ನ ಡ್ರೈವರನ್ನೇ ಹೊಸ ಕರ್ನಲ್‌ನೊಂದಿಗೆ ಬಳಸಿ ನೋಡಿ ಎಂಬುದು ನನ್ನ ಸಲಹೆ. ಹೊರಗಿನ ಡ್ರೈವರನ್ನು ಪ್ರತಿ ಕರ್ನಲ್ ಬದಲಾವಣೆಗೂ ಮತ್ತೆ ಕಟ್ಟಬೇಕು. ಒಂದು ಬೆಳಿಗ್ಗೆ ಅಪ್‌ಡೇಟ್ ಆದ ಯಂತ್ರ ನೆಟ್ ಇಲ್ಲದೆ ಎದ್ದು ಕೂತರೆ, ಡ್ರೈವರ್ ಇಳಿಸಿಕೊಳ್ಳಲು ಬೇಕಾದ ನೆಟ್ಟೇ ಇರುವುದಿಲ್ಲ. ಕರ್ನಲ್‌ನ ಡ್ರೈವರಿನಲ್ಲಿ ತೊಂದರೆ ಖಚಿತವಾಗಿ ಕಂಡು, ಹೊರಗಿನದರಲ್ಲಿ ಅದು ಹೋಗುತ್ತದೆ ಎಂದು ನೀವೇ ಪರೀಕ್ಷಿಸಿದ್ದರೆ ಆಗ ಅದನ್ನು ಇಟ್ಟುಕೊಳ್ಳಿ, ಮತ್ತು ಆರ್8169 ಹತ್ತದಂತೆ ತಡೆಪಟ್ಟಿಗೆ ಸೇರಿಸಿ.

ಫರ್ಮ್‌ವೇರ್ ಲೋಡ್ ಆಗಲಿಲ್ಲ ಎಂಬ ಸಾಲು ಡಿಮೆಸೇಜ್‌ನಲ್ಲಿ ಇದ್ದರೆ ಡ್ರೈವರ್ ಬದಲಿಸುವ ಮೊದಲು ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜನ್ನು ಹಾಕಿ. ಡೆಬಿಯನ್‌ನಲ್ಲಿ 2023ರ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರ್ ಅಧಿಕೃತ ಅನುಸ್ಥಾಪನಾ ಚಿತ್ರದಲ್ಲಿಯೇ ಬರುತ್ತದೆ. ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಅದು ಇಲ್ಲದಿರುವುದನ್ನು ಈಗಲೂ ಕಾಣುತ್ತೇನೆ.

ಪಿಸಿಐಇ ಎಎಸ್‌ಪಿಎಂ ಆಫ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಿದೆ, ಏನೂ ಆಗಲಿಲ್ಲ. ಏಕೆ?

ಎಎಸ್‌ಪಿಎಂ ಎಂದರೆ ಕೆಲಸವಿಲ್ಲದಾಗ ಪಿಸಿಐ ಎಕ್ಸ್‌ಪ್ರೆಸ್ ಲಿಂಕನ್ನು ಮಲಗಿಸಿ ವಿದ್ಯುತ್ ಉಳಿಸುವ ಏರ್ಪಾಡು. ಕೆಲವು ಮದರ್‌ಬೋರ್ಡ್ ಮತ್ತು ಕಾರ್ಡಿನ ಜೋಡಿಯಲ್ಲಿ ಮಲಗಿದ ಲಿಂಕ್ ಸರಿಯಾಗಿ ಏಳುವುದಿಲ್ಲ. ಆಗ ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ ಕಾರ್ಡು ಕಾಣೆಯಾಗುತ್ತದೆ. ಆದರೆ ಬೂಟ್ ಸಾಲಿಗೆ ಎಲ್ಲರೂ ಸೇರಿಸುವ ‘ಎಎಸ್‌ಪಿಎಂ ಆಫ್’ ಎಂಬ ನಿಯತಾಂಕದ ಅರ್ಥ ಬೇರೆ. ಎಎಸ್‌ಪಿಎಂ ಹೊಂದಾಣಿಕೆಯನ್ನು ಕರ್ನಲ್ ಮುಟ್ಟಬಾರದು ಎಂದಷ್ಟೇ ಅದು ಹೇಳುತ್ತದೆ. ಬಯೋಸ್ ಮೊದಲೇ ಅದನ್ನು ಚಾಲೂ ಮಾಡಿಟ್ಟಿದ್ದರೆ ಅದು ಚಾಲೂ ಆಗಿಯೇ ಉಳಿಯುತ್ತದೆ! ನಿಜವಾಗಿ ನಿಲ್ಲಿಸಬೇಕಾದರೆ ಬಯೋಸ್‌ನಲ್ಲಿ ನಿಲ್ಲಿಸಿ, ಇಲ್ಲವೇ ಎಎಸ್‌ಪಿಎಂ ಪಾಲಿಸಿಯನ್ನು ‘ಪರ್ಫಾರ್ಮೆನ್ಸ್’ ಎಂದು ಇಡಿ. ಬಳಿಕ ಎಲ್‌ಎಸ್‌ಪಿಸಿಐನ ವಿವರವಾದ ಮಾಹಿತಿಯಲ್ಲಿ ಕಾರ್ಡಿನ ಲಿಂಕ್ ಕಂಟ್ರೋಲ್ ಸಾಲನ್ನು ಓದಿ ಖಚಿತಪಡಿಸಿಕೊಳ್ಳಿ.

ತಂತಿಯ ಬದಿಯಲ್ಲಿ ವಿದ್ಯುತ್ ಉಳಿಸುವ ಎನರ್ಜಿ ಎಫಿಷಿಯಂಟ್ ಈಥರ್ನೆಟ್ ಎಂಬುದು ಇದಲ್ಲ. ಅದು 2010ರ 802.3ಎಜ಼ಡ್ ಮಾನಕದ ಸೌಲಭ್ಯ, ಇತ್‌ಟೂಲ್‌ನಿಂದ ಬೇರೆಯಾಗಿ ನಿಲ್ಲಿಸಬೇಕು. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಯಾವುದು ಕಾರಣವೆಂದು ತಿಳಿಯದು.

2.5 ಗಿಗಾಬಿಟ್ ಇರುವ ಹೊಸ ಬೋರ್ಡ್ ತೆಗೆದುಕೊಂಡೆ, 1 ಗಿಗಾಬಿಟ್‌ನಲ್ಲಿ ಚೆನ್ನಾಗಿದೆ, 2.5ರಲ್ಲಿ ನಷ್ಟ. ಡ್ರೈವರ್ ಬದಲಿಸಲೇ?

ಚಿಪ್ ಇಂಟೆಲ್‌ನ ಐ225 ಆಗಿದ್ದು ಮೊದಮೊದಲ ತಯಾರಿಕೆಯದಾಗಿದ್ದರೆ ಡ್ರೈವರಿನಿಂದ ಪ್ರಯೋಜನವಿಲ್ಲ. ಎರಡು ಫ್ರೇಮ್‌ಗಳ ನಡುವಿನ ಅಂತರವನ್ನು ಪಾಲಿಸುವುದರಲ್ಲಿ ಆ ಚಿಪ್‌ನಲ್ಲಿಯೇ ದೋಷವಿತ್ತು. ಕೆಲವು ಸ್ವಿಚ್‌ಗಳೊಂದಿಗೆ 2.5ರ ವೇಗದಲ್ಲಿ ಅದು ನಷ್ಟವಾಗಿ ಕಾಣುತ್ತಿತ್ತು. ಮುಂದಿನ ಆವೃತ್ತಿಯ ಚಿಪ್‌ನಲ್ಲಿ ಅದನ್ನು ಸರಿಪಡಿಸಿದರು. ಅಂಥ ಬೋರ್ಡಿದ್ದರೆ ವೇಗವನ್ನು 1 ಗಿಗಾಬಿಟ್‌ಗೆ ಇಳಿಸಿ, ಇಲ್ಲವೇ ಬೇರೆ ಕಾರ್ಡ್ ಹಾಕಿ.

ಪರದೆ ತುಂಬ ‘ಊಪ್ಸ್’ ಸಂದೇಶ ಬರುತ್ತದೆ. ಅಷ್ಟರಲ್ಲಿ ಯಾವ ಸಾಲನ್ನು ಓದಬೇಕು?

ಊಪ್ಸ್ ಎಂದರೆ ಕರ್ನಲ್ ತನ್ನೊಳಗೇ ತಪ್ಪು ಕಂಡಾಗ ಬರೆಯುವ ವರದಿ. ಹಲವು ಊಪ್ಸ್ ಬಂದಿದ್ದರೆ ಮೊದಲನೆಯದನ್ನು ಮಾತ್ರ ಓದಿ. ಮೊದಲ ಪೆಟ್ಟಿನಲ್ಲಿ ಕರ್ನಲ್‌ನ ನೆನಪು ಕದಡಿರುತ್ತದೆ, ಅದರ ನಂತರದವುಗಳನ್ನು ನಂಬಲಾಗದು. ಅದರಲ್ಲಿ ಮೂರು ಜಾಗಗಳನ್ನು ನೋಡಿ. ಆರ್‌ಐಪಿ ಎಂದು ಆರಂಭವಾಗುವ ಸಾಲು ಯಾವ ಫಂಕ್ಷನ್‌ನಲ್ಲಿ ಬಿದ್ದಿತು ಎಂಬುದನ್ನೂ, ಚೌಕ ಆವರಣದಲ್ಲಿ ಅದು ಯಾವ ಮಾಡ್ಯೂಲಿನದು, ಅಂದರೆ ಕರ್ನಲ್‌ಗೆ ಬೇಕಾದಾಗ ಸೇರಿಸುವ ಯಾವ ಭಾಗದ್ದು, ಎಂಬುದನ್ನೂ ಹೇಳುತ್ತದೆ. ಟೇಂಟೆಡ್ ಎಂಬ ಪದದ ಮುಂದಿನ ಅಕ್ಷರಗಳು ಕರ್ನಲ್‌ನಲ್ಲಿ ಹೊರಗಿನ ಮಾಡ್ಯೂಲ್ ಇದೆಯೇ ಎಂದು ತಿಳಿಸುತ್ತವೆ. ಒ ಅಕ್ಷರವಿದ್ದರೆ ಮೂಲದ ಹೊರಗಿನದು, ಪಿ ಇದ್ದರೆ ಮುಚ್ಚಿದ ಪರವಾನಗಿಯದು. ಕಾಲ್ ಟ್ರೇಸ್ ಅಲ್ಲಿಗೆ ಬಂದ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ತೋರಿಸುತ್ತದೆ.

ಒಂದು ಎಚ್ಚರಿಕೆ. ಬಿದ್ದ ಜಾಗದ ಹೆಸರು ತಪ್ಪು ಮಾಡಿದವರ ಹೆಸರಾಗಿರಬೇಕೆಂದಿಲ್ಲ. ಬೇರೊಂದು ಮಾಡ್ಯೂಲ್ ಕೆಡಿಸಿದ ನೆನಪನ್ನು ನೆಟ್‌ವರ್ಕ್ ಡ್ರೈವರ್ ಮುಟ್ಟಿದಾಗ ಹೆಸರು ಬರುವುದು ನೆಟ್‌ವರ್ಕ್ ಡ್ರೈವರಿನದೇ. ಪ್ರತಿ ಸಲವೂ ಬೇರೆ ಬೇರೆ ಫಂಕ್ಷನ್‌ನಲ್ಲಿ ಬೀಳುತ್ತಿದ್ದರೆ ಮೊದಲು ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸಿ.

ಯಂತ್ರ ಪೂರ್ತಿ ಹೆಪ್ಪುಗಟ್ಟುತ್ತದೆ, ಲಾಗ್‌ನಲ್ಲಿ ಏನೂ ಉಳಿದಿರುವುದಿಲ್ಲ. ಸಾಕ್ಷಿ ಎಲ್ಲಿಂದ ತರುವುದು?

ಡಿಸ್ಕಿಗೆ ಬರೆಯುವ ಮೊದಲೇ ಕರ್ನಲ್ ನಿಂತಿದೆ ಎಂದರ್ಥ, ಆದ್ದರಿಂದ ಸಂದೇಶವನ್ನು ಯಂತ್ರದಿಂದ ಹೊರಗೆ ಕಳುಹಿಸಬೇಕು. ಸೀರಿಯಲ್ ಪೋರ್ಟ್ ಇದ್ದರೆ ಅದೇ ಅತ್ಯುತ್ತಮ. ಇಲ್ಲದಿದ್ದರೆ ನೆಟ್‌ಕನ್ಸೋಲ್ ಎಂಬ ಮಾಡ್ಯೂಲ್ ಕರ್ನಲ್ ಸಂದೇಶಗಳನ್ನು, ತಲುಪಿತೇ ಎಂದು ಕಾಯದೆ ಕಳುಹಿಸುವ ಯುಡಿಪಿ ಎಂಬ ಕ್ರಮದ ಮೂಲಕ, ಪಕ್ಕದ ಯಂತ್ರದ 6666ನೇ ಪೋರ್ಟಿಗೆ ಕಳುಹಿಸುತ್ತದೆ. ಆದರೆ ಸಾಯುತ್ತಿರುವ ಕಾರ್ಡಿನ ಮೂಲಕವೇ ಸಾವಿನ ಸುದ್ದಿಯನ್ನು ಕಳುಹಿಸಲಾಗದು. ಬೇರೆ ಚಿಪ್‌ನ ಎರಡನೆಯ ಕಾರ್ಡನ್ನು ಇದಕ್ಕಾಗಿಯೇ ಹಾಕಿ. ಕೆಡಂಪ್ ವ್ಯವಸ್ಥೆ ಮಾಡಿದರೆ, ಮೀಸಲಿಟ್ಟ ನೆನಪಿನಲ್ಲಿ ಕಾದಿರುವ ಎರಡನೆಯ ಕರ್ನಲ್ ಎದ್ದು, ಸತ್ತ ಕರ್ನಲ್‌ನ ನೆನಪನ್ನು ಪೂರ್ತಿಯಾಗಿ ಡಿಸ್ಕಿಗೆ ಬರೆದಿಡುತ್ತದೆ.

ಡ್ರೈವರ್ ದೋಷದಿಂದ ಕಾರ್ಡೇ ಶಾಶ್ವತವಾಗಿ ಹಾಳಾಗುವುದುಂಟೇ?

ಬಹಳ ಅಪರೂಪ, ಆದರೆ ಒಮ್ಮೆ ಆಗಿದೆ. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿದ ಕೆಲವರ ಇಂಟೆಲ್ ಕಾರ್ಡುಗಳು ಸತ್ತವು. ಕಾರ್ಡಿನ ವಿಳಾಸ ಮತ್ತು ಹೊಂದಾಣಿಕೆಗಳನ್ನು ಇಡುವ ಶಾಶ್ವತ ನೆನಪಿನ ಮೇಲೆ ಏನೋ ಬರೆದುಹೋಗಿತ್ತು. ಎಲ್ಲರ ಕಣ್ಣು ಇ1000ಇ ಡ್ರೈವರಿನ ಮೇಲಿತ್ತು. ಹುಡುಕಿದಾಗ ತಪ್ಪು ಸಿಕ್ಕಿದ್ದು ಎಫ್‌ಟ್ರೇಸ್ ಎಂಬ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಶೋಧ ಸೌಲಭ್ಯದಲ್ಲಿ. ಕೆಲಸ ಮುಗಿದು ಬಿಡುಗಡೆಯಾದ ಕೋಡಿನ ವಿಳಾಸಗಳನ್ನು ಅದು ನೆನಪಿಟ್ಟುಕೊಂಡು ನಂತರ ಅಲ್ಲಿಗೆ ಬರೆಯುತ್ತಿತ್ತು. ಅಷ್ಟರಲ್ಲಿ ಅದೇ ವಿಳಾಸಕ್ಕೆ ಕಾರ್ಡಿನ ನೆನಪನ್ನು ಜೋಡಿಸಲಾಗಿರುತ್ತಿತ್ತು. ಪರೀಕ್ಷಾ ಕರ್ನಲ್‌ಗಳನ್ನು ದಿನದ ಕೆಲಸದ ಯಂತ್ರದಲ್ಲಿ ಹಾಕಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಈ ಪ್ರಸಂಗವನ್ನೇ ವಿವರಿಸುತ್ತೇನೆ.

ವಿಂಡೋಸ್‌ನಲ್ಲಿ ನೀಲಿ ಪರದೆ ಬರುತ್ತದೆ. ಕಾರ್ಡಿನದೇ ಎಂದು ತಿಳಿಯುವುದು ಹೇಗೆ?

ಸಂಕೇತ ಡಿ1 ಆಗಿದ್ದರೆ ಡ್ರೈವರೊಂದು ಮುಟ್ಟಬಾರದ ಹೊತ್ತಿನಲ್ಲಿ ನೆನಪನ್ನು ಮುಟ್ಟಿದೆ. 9ಎಫ್ ಆಗಿದ್ದರೆ ನಿದ್ದೆ, ಎಚ್ಚರಗಳ ನಡುವೆ ಸಿಕ್ಕಿಕೊಂಡಿದೆ. ವಿಂಡೋಸ್ ಫೋಲ್ಡರಿನ ಮಿನಿಡಂಪ್ ಕಡತವನ್ನು ಮೈಕ್ರೋಸಾಫ್ಟ್‌ನ ದೋಷಶೋಧಕವಾದ ವಿನ್‌ಡಿಬಿಜಿಯಲ್ಲಿ ತೆರೆದು ಅನಲೈಜ್ ಆದೇಶ ಕೊಡಿ. ಅಲ್ಲಿ ಎನ್‌ಡಿಐಎಸ್ ಅಥವಾ ಟಿಸಿಪಿಐಪಿ ಹೆಸರು ಬಂದರೆ ಅವು ವಿಂಡೋಸ್‌ನವೇ ಆದ ಪದರಗಳು. ಅದೇ ಸಾಲುಗಳಲ್ಲಿ ಮೈಕ್ರೋಸಾಫ್ಟ್‌ನದಲ್ಲದ ಡ್ರೈವರ್ ಯಾವುದಿದೆ ಎಂದು ನೋಡಿ. ಅನೇಕ ಸಲ ಅದು ಕಾರ್ಡಿನದಾಗಿರದೆ ಆಂಟಿವೈರಸ್ ಅಥವಾ ವಿಪಿಎನ್‌ನ ಫಿಲ್ಟರ್ ಆಗಿರುತ್ತದೆ.

## ಕಾಣೆಯಾಗುವ ಪ್ಯಾಕೆಟ್‌ಗಳು

ಇತ್‌ಟೂಲ್‌ನಲ್ಲಿ ‘ಆರ್‌ಎಕ್ಸ್ ಮಿಸ್ಡ್’ ಏರುತ್ತಿದೆ. ರಿಂಗ್ ದೊಡ್ಡದು ಮಾಡಿದರೆ ಸಾಕೇ?

ಕೆಲವೊಮ್ಮೆ ಸಾಕು. ರಿಂಗ್‌ನಲ್ಲಿ ಜಾಗ ಸಿಗದೆ ಬಿದ್ದ ಪ್ಯಾಕೆಟ್‌ಗಳ ಎಣಿಕೆ ಅದು. ಲೆಕ್ಕ ಹಾಕಿ ನೋಡೋಣ. ಅತಿ ಚಿಕ್ಕದಾದ 64 ಬೈಟ್‌ನ ಫ್ರೇಮ್ ತಂತಿಯ ಮೇಲೆ ಮುನ್ನುಡಿ ಮತ್ತು ಅಂತರ ಸೇರಿ 84 ಬೈಟ್ ಹಿಡಿಯುತ್ತದೆ, ಹಾಗಾಗಿ 1 ಗಿಗಾಬಿಟ್ ಲಿಂಕಿನಲ್ಲಿ ಸೆಕೆಂಡಿಗೆ 14,88,095 ಪ್ಯಾಕೆಟ್ ಬರಬಲ್ಲವು. ಇಂಟೆಲ್‌ನ ಐಜಿಬಿ ಡ್ರೈವರಿನ ರಿಂಗ್ ತಾನಾಗಿ 256 ಜಾಗಗಳದ್ದು. ಆ ವೇಗದಲ್ಲಿ ಅದು ತುಂಬಲು ಸುಮಾರು 172 ಮೈಕ್ರೊಸೆಕೆಂಡ್ ಸಾಕು. ಪ್ರೊಸೆಸರ್ ಅಷ್ಟು ಹೊತ್ತು ಬೇರೆ ಕಡೆ ಇದ್ದರೆ ನಷ್ಟ ಖಚಿತ. ರಿಂಗನ್ನು ಅದರ ಗರಿಷ್ಠವಾದ 4096ಕ್ಕೆ ಏರಿಸಿದರೆ ಸುಮಾರು 2.75 ಮಿಲಿಸೆಕೆಂಡ್ ಅವಕಾಶ ಸಿಗುತ್ತದೆ. ಪೂರ್ಣ ಗಾತ್ರದ 1500 ಬೈಟ್ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರ ಮಾತ್ರ ಬರುವುದರಿಂದ 256 ಜಾಗಗಳೇ 3 ಮಿಲಿಸೆಕೆಂಡ್ ತಡೆಯುತ್ತವೆ.

ಆದ್ದರಿಂದ ಸಂಚಾರ ಅಲೆಅಲೆಯಾಗಿ ಬಂದು ಹೋಗುವಂಥದ್ದಾದರೆ ದೊಡ್ಡ ರಿಂಗ್ ಕೈಹಿಡಿಯುತ್ತದೆ. ಪ್ರೊಸೆಸರಿನ ಶಕ್ತಿಗಿಂತ ಹೆಚ್ಚು ಪ್ಯಾಕೆಟ್‌ಗಳು ಸತತವಾಗಿ ಬರುತ್ತಿದ್ದರೆ ದೊಡ್ಡ ಕೊಡವೂ ತುಂಬಿಯೇ ತುಂಬುತ್ತದೆ, ತುಸು ತಡವಾಗಿ. ರಿಂಗಿನ ಗಾತ್ರ ಬದಲಿಸುವಾಗ ಅನೇಕ ಡ್ರೈವರುಗಳು ಲಿಂಕನ್ನು ಒಮ್ಮೆ ಬೀಳಿಸಿ ಏಳಿಸುತ್ತವೆ ಎಂಬುದೂ ನೆನಪಿರಲಿ.

ಒಂದೇ ಪ್ರೊಸೆಸರ್ ಕೋರ್ ನೂರಕ್ಕೆ ನೂರು ಓಡುತ್ತದೆ, ಉಳಿದವು ಸುಮ್ಮನಿರುತ್ತವೆ, ಪ್ಯಾಕೆಟ್ ಬೀಳುತ್ತವೆ. ಏನು ಮಾಡಲಿ?

ಸಾಫ್ಟ್‌ನೆಟ್‌ಸ್ಟ್ಯಾಟ್ ಕಡತವನ್ನು ತೆರೆಯಿರಿ. ಪ್ರತಿ ಕೋರಿಗೆ ಒಂದು ಸಾಲು, ಅಂಕಿಗಳು ಹದಿನಾರರ ಮೂಲದಲ್ಲಿವೆ. 0000001ಎ ಎಂದರೆ 26. ಮೊದಲ ಕಂಬ ಎತ್ತಿಕೊಂಡ ಪ್ಯಾಕೆಟ್‌ಗಳು. ಎರಡನೆಯದು ಕೋರಿನ ಸರದಿ ತುಂಬಿ ಎಸೆದವು. ಮೂರನೆಯದು ಕೆಲಸ ಬಾಕಿ ಇರುವಾಗಲೇ ಕರ್ನಲ್‌ಗೆ ಕೊಟ್ಟ ಪಾಲು ಮುಗಿದುಹೋದ ಸಲಗಳು. ಮೂರನೆಯ ಕಂಬ ಏರುತ್ತಿದ್ದರೆ ನೆಟ್‌ಡೆವ್ ಬಜೆಟ್ ಎಂಬ ಮಿತಿಯನ್ನು 300ರಿಂದ 600ಕ್ಕೆ ಏರಿಸಿ ನೋಡಬಹುದು. ಎರಡನೆಯದು ಏರಿದರೆ ಮಾತ್ರ 1000 ಇರುವ ಮ್ಯಾಕ್ಸ್ ಬ್ಯಾಕ್‌ಲಾಗ್ ಮಿತಿಗೆ ಕೈ ಹಾಕಿ. ಸಾಮಾನ್ಯ ಕಾರ್ಡುಗಳಲ್ಲಿ, ಪ್ಯಾಕೆಟ್‌ಗಳನ್ನು ಕರ್ನಲ್ಲೇ ಕೋರುಗಳಿಗೆ ಹಂಚುವ ಆರ್‌ಪಿಎಸ್ ಬಳಸದಿದ್ದಾಗ, ಆ ಸರದಿ ಬಳಕೆಗೇ ಬರುವುದಿಲ್ಲ.

ಮೂಲ ಪರಿಹಾರ ಹೊರೆಯನ್ನು ಹಂಚುವುದು. ಕಾರ್ಡಿಗೆ ಹಲವು ಸರದಿಗಳಿದ್ದರೆ ಇತ್‌ಟೂಲ್‌ನಿಂದ ಅವನ್ನು ಚಾಲೂ ಮಾಡಿ, ಪ್ರಾಕ್ ಇಂಟರಪ್ಟ್ಸ್ ಕಡತದಲ್ಲಿ ಅವು ಬೇರೆ ಬೇರೆ ಕೋರುಗಳಿಗೆ ಬೀಳುತ್ತಿವೆಯೇ ನೋಡಿ. ಒಂದೇ ಸರದಿಯ ಕಾರ್ಡಾದರೆ ಆರ್‌ಪಿಎಸ್ ಮೂಲಕ ಕರ್ನಲ್‌ಗೆ ಹಂಚಲು ಹೇಳಿ.

ಪ್ರತಿ ಪ್ಯಾಕೆಟ್‌ಗೂ ಇಂಟರಪ್ಟ್ ಕೊಟ್ಟರೆ ಯಂತ್ರ ಇಂಟರಪ್ಟ್‌ಗಳಿಗೆ ಓಗೊಡುವುದರಲ್ಲಿಯೇ ಮುಳುಗಿ ಒಂದು ಪ್ಯಾಕೆಟ್ಟನ್ನೂ ಮುಗಿಸದೆ ಹೋಗುತ್ತದೆ ಎಂಬುದನ್ನು 1996ರಲ್ಲಿ ಜೆಫ್ರಿ ಮೊಗಲ್ ಅವರೊಂದಿಗೆ ವಿವರಿಸಿ ಪರಿಹಾರ ತೋರಿಸಿದವರು ಕೆ. ಕೆ. ರಾಮಕೃಷ್ಣನ್. ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಇಂದು ಲಿನಕ್ಸ್‌ನಲ್ಲಿ ನಾಪಿ ಎಂಬ ಹೆಸರಿನಲ್ಲಿರುವ ವ್ಯವಸ್ಥೆ, ಅಂದರೆ ಮೊದಲ ಇಂಟರಪ್ಟ್ ಬಂದ ಮೇಲೆ ಅದನ್ನು ಮುಚ್ಚಿ ಪ್ಯಾಕೆಟ್‌ಗಳನ್ನು ಗುಂಪಾಗಿ ಎತ್ತುವ ಕ್ರಮ, ಆ ವಿಚಾರದ ದಾರಿಯಲ್ಲಿಯೇ ಬಂದದ್ದು.

ಕಾರ್ಡಿನಲ್ಲಿ ನಷ್ಟ ಸೊನ್ನೆ. ಆದರೆ ಕ್ಯಾಮೆರಾದಿಂದ ಬರುವ ಯುಡಿಪಿ ಪ್ಯಾಕೆಟ್‌ಗಳು ನಮ್ಮ ಪ್ರೋಗ್ರಾಂಗೆ ತಲುಪುವುದಿಲ್ಲ.

ಎನ್‌ಸ್ಟ್ಯಾಟ್‌ನಲ್ಲಿ ಯುಡಿಪಿಯ ಆರ್‌ಸಿವಿಬಫ್ ಎರರ್ಸ್ ನೋಡಿ. ಅದು ಏರುತ್ತಿದ್ದರೆ ಸಾಕೆಟ್ ಬಫರ್ ತುಂಬುತ್ತಿದೆ. ಸಾಮಾನ್ಯವಾಗಿ ಅದರ ಮಿತಿ 2,12,992 ಬೈಟ್, ಮತ್ತು ಪ್ರತಿ ಪ್ಯಾಕೆಟ್‌ಗೆ ಕರ್ನಲ್ ಇಡುವ ಲೆಕ್ಕಪತ್ರದ ಜಾಗವೂ ಅದರಲ್ಲಿಯೇ ಸೇರುವುದರಿಂದ ಚಿಕ್ಕ ಪ್ಯಾಕೆಟ್‌ಗಳು ನೀವು ಎಣಿಸಿದ್ದಕ್ಕಿಂತ ಬೇಗ ತುಂಬಿಸುತ್ತವೆ. ಮಿತಿ ಏರಿಸಿ, ಪ್ರೋಗ್ರಾಂ ಆ ಗಾತ್ರವನ್ನು ಕೇಳುವಂತೆ ಬದಲಿಸಿ. ಓದುವ ಥ್ರೆಡ್ಡಿನಲ್ಲಿ ಡಿಸ್ಕ್ ಬರವಣಿಗೆ ಇಟ್ಟಿದ್ದರೆ ಅದನ್ನು ಬೇರೆ ಮಾಡಿ.

ಆ ಎಣಿಕೆ ಏರದಿದ್ದು, ಯಂತ್ರಕ್ಕೆ ಎರಡು ಕಾರ್ಡುಗಳಿದ್ದರೆ, ಆರ್‌ಪಿ ಫಿಲ್ಟರ್ ಎಂಬ ಕರ್ನಲ್ ಹೊಂದಾಣಿಕೆ ನೋಡಿ. ಅದು 1 ಇದ್ದಾಗ, ಉತ್ತರ ಬೇರೆ ಕಾರ್ಡಿನಿಂದ ಹೋಗಬೇಕಾದ ವಿಳಾಸದ ಪ್ಯಾಕೆಟ್ಟನ್ನು ಕರ್ನಲ್ ಸದ್ದಿಲ್ಲದೆ ಎಸೆಯುತ್ತದೆ.

ಟಿಸಿಪಿಡಂಪ್ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತದೆ, ನಿಲ್ಲಿಸಿದರೆ ಮತ್ತೆ ತೊಂದರೆ. ಇದೇನು ವಿಚಿತ್ರ?

ಇದು ಬಹಳ ಬೆಲೆಬಾಳುವ ಸುಳಿವು. ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್, ಕಾರ್ಡನ್ನು ಎಲ್ಲ ಫ್ರೇಮ್‌ಗಳನ್ನೂ ಸ್ವೀಕರಿಸುವ ಪ್ರಾಮಿಸ್ಕ್ಯುಯಸ್ ಸ್ಥಿತಿಗೆ ತರುತ್ತದೆ. ಆಗ ಸರಿಯಾಗುತ್ತದೆ ಎಂದರೆ, ಬೇರೆ ಹೊತ್ತಿನಲ್ಲಿ ಕಾರ್ಡಿನ ವಿಳಾಸ ಸೋಸುವ ಭಾಗವೇ ಬೇಕಾದ ಫ್ರೇಮ್‌ಗಳನ್ನೂ ಎಸೆಯುತ್ತಿದೆ. ಹಲವರಿಗೆ ಒಟ್ಟಿಗೆ ಕಳುಹಿಸುವ ಮಲ್ಟಿಕಾಸ್ಟ್ ವಿಳಾಸಗಳ ಪಟ್ಟಿ, ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲಗಳನ್ನು ಇಡುವ ವಿಎಲ್‌ಎಎನ್‌ನ ಸೋಸುವಿಕೆ ಅಥವಾ ಕೈಯಿಂದ ಬದಲಿಸಿದ ಮ್ಯಾಕ್, ಅಂದರೆ ಕಾರ್ಡಿನ ಸ್ವಂತ, ವಿಳಾಸದಲ್ಲಿ ದೋಷ ಹುಡುಕಿ. ಟಿಸಿಪಿಡಂಪ್‌ನ ಪಿ ಆಯ್ಕೆ ಬಳಸಿದರೆ ಆ ಸ್ಥಿತಿಗೆ ಹೋಗದೆ ನೋಡಬಹುದು.

ಅದರಲ್ಲಿಯೇ ಹೊರಹೋಗುವ ಪ್ಯಾಕೆಟ್‌ಗಳ ಚೆಕ್‌ಸಮ್, ಅಂದರೆ ತಾಳೆ ನೋಡುವ ಮೊತ್ತ, ತಪ್ಪೆಂದು, ಗಾತ್ರ 1500ಕ್ಕಿಂತ ಹೆಚ್ಚೆಂದು ಕಂಡರೆ ಗಾಬರಿ ಬೇಡ. ಚೆಕ್‌ಸಮ್ ತುಂಬುವುದು, ದೊಡ್ಡ ತುಂಡನ್ನು ಸೀಳುವುದು ಕಾರ್ಡಿನ ಕೆಲಸ. ನೀವು ನೋಡುತ್ತಿರುವುದು ಕಾರ್ಡಿಗೆ ತಲುಪುವ ಮುನ್ನಿನ ಚಿತ್ರ.

ಪಿಂಗ್ ಹೋಗುತ್ತದೆ, ಕೆಲವು ಜಾಲತಾಣ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಕಾರ್ಡ್ ಬದಲಿಸಲೇ?

ಬೇಡ. ಬ್ರಾಡ್‌ಬ್ಯಾಂಡ್‌ಗೆ ಬಳಸುವ ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟ್ ತಲೆಬರಹಕ್ಕೆ ಹೋಗಿ ಒಂದು ಪ್ಯಾಕೆಟ್‌ಗೆ 1500 ಬೈಟ್‌ನ ಬದಲು 1492 ಉಳಿಯುತ್ತದೆ. ದಾರಿಯಲ್ಲಿ ಯಾರೋ ಇಂಥ ದೋಷಗಳ ಸುದ್ದಿ ಒಯ್ಯುವ ಐಸಿಎಂಪಿ ಸಂದೇಶಗಳನ್ನು ತಡೆದಿದ್ದರೆ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಸುದ್ದಿ ಕಳುಹಿಸಿದವರಿಗೆ ತಲುಪುವುದಿಲ್ಲ, ದೊಡ್ಡ ಪ್ಯಾಕೆಟ್‌ಗಳು ಮಾತ್ರ ಕಾಣೆಯಾಗುತ್ತವೆ. ತುಂಡುಮಾಡಬಾರದೆಂದು ಹೇಳಿ, ತಲೆಬರಹಗಳ 28 ಬೈಟ್ ಸೇರಿ 1500 ಆಗುವ 1472 ಬೈಟ್‌ನ ಪಿಂಗ್ ಮಾಡಿ. ಅದು ಹೋಗದೆ 1464 ಹೋದರೆ ಕಾರಣ ಇದೇ. ರೂಟರಿನಲ್ಲಿ ಪ್ಯಾಕೆಟ್‌ಗಳ ಗಾತ್ರಕ್ಕೆ ಮೊದಲೇ ಮಿತಿ ಹಾಕುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಚಾಲೂ ಮಾಡಿ.

ಯಾವ ಎಣಿಕೆಯಲ್ಲೂ ಕಾರಣ ಸಿಗುತ್ತಿಲ್ಲ. ಮುಂದೇನು?

ಕರ್ನಲ್ ಪ್ಯಾಕೆಟ್ಟನ್ನು ಎಸೆಯುವಾಗಲೆಲ್ಲ ಕೆಫ್ರೀ ಎಸ್‌ಕೆಬಿ ಎಂಬ ಜಾಡುಬಿಂದುವನ್ನು ಹಾದುಹೋಗುತ್ತದೆ. ಡ್ರಾಪ್‌ವಾಚ್ ಅಥವಾ ಪರ್ಫ್ ಆದೇಶದಿಂದ ಅದನ್ನು ಆಲಿಸಿದರೆ ಎಸೆದ ಫಂಕ್ಷನ್‌ನ ಹೆಸರು ಸಿಗುತ್ತದೆ. 2022ರ 5.17ನೇ ಕರ್ನಲ್‌ನಿಂದೀಚೆಗೆ ಎಸೆದ ಕಾರಣವೂ ಪದಗಳಲ್ಲಿ ಬರುತ್ತದೆ. ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಈ ಕೆಲಸದಲ್ಲಿ ಇಷ್ಟು ಶ್ರಮ ಉಳಿಸಿದ ಸೌಲಭ್ಯ ಇನ್ನೊಂದಿಲ್ಲ.

ಹಳೆಯ ಕರ್ನಲ್‌ನಲ್ಲಿ ಸರಿಯಿತ್ತು, ಹೊಸದರಲ್ಲಿ ಕ್ರ್ಯಾಶ್. ವರದಿ ಮಾಡುವುದು ಹೇಗೆ?

ತೊಂದರೆ ತಂದ ಬದಲಾವಣೆಯನ್ನು ಅರ್ಧರ್ಧ ಮಾಡುತ್ತ ಹುಡುಕುವ ಗಿಟ್ ಬೈಸೆಕ್ಟ್ ಮಾಡಿ. ಎರಡು ಆವೃತ್ತಿಗಳ ನಡುವೆ ಹದಿನಾಲ್ಕು ಸಾವಿರ ಬದಲಾವಣೆಗಳಿದ್ದರೂ ಪ್ರತಿ ಪರೀಕ್ಷೆಯಲ್ಲಿ ಅರ್ಧ ಕಳೆಯುವುದರಿಂದ 14 ಪರೀಕ್ಷೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಅಪರೂಪಕ್ಕೆ ಬರುವ ಕ್ರ್ಯಾಶ್‌ನಲ್ಲಿ ಅಪಾಯವಿರುವುದು ‘ಚೆನ್ನಾಗಿದೆ’ ಎಂದು ಗುರುತಿಸುವಲ್ಲಿ. ಸರಾಸರಿ ದಿನಕ್ಕೊಮ್ಮೆ ಯಾವಾಗ ಬೇಕಾದರೂ ಬೀಳುವ ಯಂತ್ರವನ್ನು ಒಂದೇ ದಿನ ನೋಡಿ ಸರಿಯೆಂದರೆ ತಪ್ಪುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಮೂರು ದಿನ ಕಾದರೆ ಅದು ಸುಮಾರು 5 ಪ್ರತಿಶತಕ್ಕೆ ಇಳಿಯುತ್ತದೆ. ಒಂದು ತಪ್ಪು ಗುರುತು ಉಳಿದ ಪರೀಕ್ಷೆಗಳನ್ನೆಲ್ಲ ಬೇರೆ ದಾರಿಗೆ ಒಯ್ಯುತ್ತದೆ.

ವರದಿಯನ್ನು ಕರ್ನಲ್ ಮೂಲದ ಮೇಂಟೇನರ್ಸ್ ಕಡತದಲ್ಲಿ ಆ ಡ್ರೈವರಿನ ಮುಂದೆ ಇರುವ ವಿಳಾಸಕ್ಕೆ ಸರಳ ಪಠ್ಯವಾಗಿ ಕಳುಹಿಸಿ. ಮೊದಲ ಊಪ್ಸ್ ಪೂರ್ತಿಯಾಗಿ, ಕಾರ್ಡಿನ ಗುರುತಿನ ಸಂಖ್ಯೆ, ಎರಡೂ ಕರ್ನಲ್ ಆವೃತ್ತಿಗಳು, ಬೈಸೆಕ್ಟ್ ತೋರಿಸಿದ ಬದಲಾವಣೆ, ಮತ್ತು ಆ ಬದಲಾವಣೆಯೊಂದನ್ನೇ ಹಿಂತೆಗೆದಾಗ ಕ್ರ್ಯಾಶ್ ನಿಂತಿತೇ ಎಂಬುದು ಅದರಲ್ಲಿರಲಿ. ಹೊರಗಿನ ಮಾಡ್ಯೂಲ್‌ಗಳನ್ನು ತೆಗೆದು, ಟೇಂಟೆಡ್ ಅಲ್ಲದ ಕರ್ನಲ್‌ನಲ್ಲಿ ಒಮ್ಮೆ ಮರುಪರೀಕ್ಷಿಸಿದ ಮೇಲೆಯೇ ಕಳುಹಿಸಿ.